ಬಳೆಯನ್ನೂ ಕಾಯಿಸಿದರೆ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಯವರೆಗೆ ಬಂದು ಕೇಳಿಕೊಂಡರು. ಶಾಲೆಗಾಗಿ ದುಡಿದ ಹಿರಿಯರನ್ನೂ, ಹೆಂಚಿನ ಮಾಡಿನ ಕೆಳಗೆ ಆರಂಭವಾದ ತರಗತಿಗಳನ್ನೂ ನನಗಿಂತ ಚೆನ್ನಾಗಿ ನೆನೆಯಬಲ್ಲವರು ಹಲವರಿದ್ದಾರೆ. ಆದಕಾರಣ ನೆನಪುಗಳ ಬದಲು ಒಂದು ಪಾಠವನ್ನು ಬರೆಯಲು ನಾನು ಅನುಮತಿ ಬೇಡಿದೆ. ಇದು 1984ರಲ್ಲಿ ಎಂಟನೆಯ ತರಗತಿಯಲ್ಲಿ ನಾನು ಅರ್ಧಕ್ಕೆ ನಿಲ್ಲಿಸಿದ ಪಾಠ. ಇದನ್ನು ಪೂರ್ತಿ ಮಾಡುವುದು ನನ್ನ ಮೇಲಿರುವ ಒಂದು ಋಣ.

ಪಾಠದ ವಿಷಯ ಇಷ್ಟೆ: ಹಳೆಯ ಮೋಟಾರು ಕಾರೊಂದರ ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟುವಾಗ ಸಿಲಿಂಡರಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ತೆರಪು ಬಿಡಬೇಕು ಮತ್ತು ಏಕೆ ಬಿಡಬೇಕು. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಓದಿ, ಶಿಕ್ಷಕ ತರಬೇತಿ ಪಡೆದು, ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದ ಮೇಷ್ಟ್ರಿಗೆ ಎಂಜಿನ್ನಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಅದಕ್ಕೆ ಉತ್ತರ ಮುಂದೆ ತಾನಾಗಿಯೇ ಬರುತ್ತದೆ.

ಒಂದು ಪ್ರಶ್ನೆ

ನನ್ನ ಕೈಕೆಳಗೆ ಓದಿದ ಎಲ್ಲರಿಗೂ ಗುಂಡು ಮತ್ತು ಬಳೆಯ ಪ್ರಯೋಗ ನೆನಪಿರಬಹುದು. ಹದಿನೆಂಟನೆಯ ಶತಮಾನದಲ್ಲಿ ಹಾಲೆಂಡಿನ ಗ್ರೇವ್‌ಸಾಂಡೆ ಎಂಬ ವಿಜ್ಞಾನಿ ಬಳಕೆಗೆ ತಂದ ಪ್ರಯೋಗವದು. ಲೋಹದ ಗುಂಡೊಂದು ಲೋಹದ ಬಳೆಯೊಳಗೆ ಸಲೀಸಾಗಿ ತೂರಿ ಹೋಗುತ್ತದೆ. ಗುಂಡನ್ನು ಸ್ಪಿರಿಟ್ ದೀಪದ ಮೇಲೆ ಕಾಯಿಸಿದರೆ ಅದೇ ಬಳೆಯ ಮೇಲೆ ಕುಳಿತುಬಿಡುತ್ತದೆ. ತಣಿದ ಮೇಲೆ ಮತ್ತೆ ಕೆಳಗೆ ಜಾರುತ್ತದೆ. ಕಾದಾಗ ಘನವಸ್ತುಗಳು ಹಿಗ್ಗುತ್ತವೆ, ತಣಿದಾಗ ಕುಗ್ಗುತ್ತವೆ ಎಂದು ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದ ಮೂರು ಸಲ ಹೇಳಿಸಿ ನಾನು ಪಾಠ ಮುಗಿಸುತ್ತಿದ್ದೆ.

ಆ ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸಾರ್, ಗುಂಡಿನ ಜೊತೆಗೆ ಬಳೇನೂ ಕಾಯಿಸಿದ್ರೆ?"

ಗಂಟೆ ಹೊಡೆಯಲು ಐದು ನಿಮಿಷವಿತ್ತು. ಪಠ್ಯಪುಸ್ತಕದಲ್ಲಿ ಬಳೆಯನ್ನು ಕಾಯಿಸುವ ಮಾತಿರಲಿಲ್ಲ. ನನಗೂ ಉತ್ತರ ಆ ಕ್ಷಣಕ್ಕೆ ಹೊಳೆಯಲಿಲ್ಲ. ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. "ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೊ" ಎಂದೆ. ತರಗತಿ ನಕ್ಕಿತು. ಹುಡುಗ ಕುಳಿತ. ಆಮೇಲೆ ಆತ ನನ್ನನ್ನು ಏನನ್ನೂ ಕೇಳಿದ ನೆನಪಿಲ್ಲ. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದೆ ಶಾಲೆ ಬಿಟ್ಟ. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ನಮ್ಮ ಹೊಸೂರಿನಲ್ಲಿ ಲೇತ್ ಅಂಗಡಿಗಳು ಒಂದೊಂದಾಗಿ ಹುಟ್ಟಿಕೊಂಡಿದ್ದವು. ಅಂಥ ಒಂದು ಅಂಗಡಿಯಲ್ಲಿ ಸಹಾಯಕನಾಗಿ ಸೇರಿದ. ಕಾಲಕ್ರಮದಲ್ಲಿ ಸ್ವಂತ ಅಂಗಡಿ ಹಾಕಿ, ಎಂಜಿನ್ನುಗಳನ್ನು ರೀಬೋರ್ ಮಾಡುವುದರಲ್ಲಿ ಹೆಸರು ಪಡೆದ.

ಹಳೆಯ ಕಾರು

ನಾನು 2008ರಲ್ಲಿ ನಿವೃತ್ತನಾದೆ. ಎರಡು ವರ್ಷಗಳ ಅನಂತರ ಒಂದು ಬೆಳಿಗ್ಗೆ ಆತ ಮನೆಗೆ ಬಂದ. ಬೆಂಗಳೂರಿನ ಒಂದು ಮನೆತನದವರ ಹಳೆಯ ಫೋರ್ಡ್ 'ಎ' ಮಾದರಿಯ ಕಾರು ಅವನ ಅಂಗಡಿಗೆ ಬಂದಿತ್ತು. ಅದರೊಂದಿಗೆ ಇಂಗ್ಲಿಷಿನ ಒಂದು ಹಳೆಯ ಕೈಪಿಡಿಯೂ ಬಂದಿತ್ತು. "ಸಾರ್, ಕೆಲಸ ನನ್ನ ಕೈಗೆ ಗೊತ್ತು. ಪುಸ್ತಕ ಏನು ಹೇಳುತ್ತೆ ಅಂತ ನೀವು ಓದಿ ಕನ್ನಡದಲ್ಲಿ ಹೇಳಬೇಕು" ಎಂದ. ನಿವೃತ್ತನಾದವನಿಗೆ ಇಂಥ ಕರೆ ಬಂದರೆ ಎಷ್ಟು ಸಂತೋಷವಾಗುತ್ತದೆ ಎಂಬುದನ್ನು ನಿವೃತ್ತರೇ ಬಲ್ಲರು. ನಿಘಂಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟೆ.

ಈ ಕಾರಿನ ಪರಿಚಯವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಅಮೆರಿಕದ ಹೆನ್ರಿ ಫೋರ್ಡರ ಕಂಪೆನಿ 1908ರಿಂದ 1927ರವರೆಗೆ 'ಟಿ' ಮಾದರಿಯನ್ನು ತಯಾರಿಸಿತು. ಅದರ ಉತ್ತರಾಧಿಕಾರಿಯಾಗಿ 1927ರ ಡಿಸೆಂಬರಿನಲ್ಲಿ 'ಎ' ಮಾದರಿ ಬಂತು. ಇದರದು ನಾಲ್ಕು ಸಿಲಿಂಡರುಗಳ ಎಂಜಿನ್. ಪ್ರತಿ ಸಿಲಿಂಡರಿನ ವ್ಯಾಸ ಮೂರು ಮುಕ್ಕಾಲು ಇಂಚಿನ ಮೇಲೆ ಇನ್ನೊಂದು ಅರೆಪಾಲು, ಅಂದರೆ 3.875 ಇಂಚು, ನಮ್ಮ ಮೆಟ್ರಿಕ್ ಲೆಕ್ಕದಲ್ಲಿ 98.4 ಮಿ.ಮೀ. ಪಿಸ್ಟನ್ನಿನ ಓಡಾಟ 4.25 ಇಂಚು. ಶಕ್ತಿ 40 ಅಶ್ವಸಾಮರ್ಥ್ಯ. ಸಿಲಿಂಡರುಗಳ ಅಚ್ಚು ಬೀಡುಕಬ್ಬಿಣದ್ದು, ಪಿಸ್ಟನ್ ಅಲ್ಯುಮಿನಿಯಂ ಮಿಶ್ರಲೋಹದ್ದು. 'ಟಿ' ಮಾದರಿಯಲ್ಲಿ ಪಿಸ್ಟನ್ ಕೂಡ ಬೀಡುಕಬ್ಬಿಣದ್ದೇ ಆಗಿತ್ತು. ಈ ಒಂದು ವ್ಯತ್ಯಾಸವನ್ನು ಓದುಗರು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಡೀ ಪಾಠ ನಿಂತಿರುವುದು ಅದರ ಮೇಲೆ.

ತೆರಪು ಏಕೆ ಬೇಕು?

ಅಂಗಡಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತವೆ. ಆದರೆ ಮೂರರಲ್ಲೂ ಈ ವಸ್ತುವಿಗೆ ಇರುವುದು 'ಕ್ಲಿಯರೆನ್ಸ್' ಎಂಬ ಒಂದೇ ಮಾತು. ನಾನು 'ತೆರಪು' ಎಂದೆ. ತೆರಪಿಲ್ಲದ ದುಡಿಮೆ ಎನ್ನುವಾಗ ನಾವು ಬಳಸುವ ಅದೇ ಮಾತು. ಅಂಗಡಿಯ ಹುಡುಗರು ಮೊದಲು ನಕ್ಕರು. ವಾರದೊಳಗೆ ಅವರ ಬಾಯಲ್ಲೂ ಅದೇ ಬಂತು.

ಪಿಸ್ಟನ್ ಸಿಲಿಂಡರಿನೊಳಗೆ ಮೇಲಕ್ಕೂ ಕೆಳಕ್ಕೂ ನಿಮಿಷಕ್ಕೆ ಸಾವಿರಾರು ಸಲ ಓಡಾಡುತ್ತದೆ. ಹೊತ್ತಿ ಉರಿಯುವ ಅನಿಲವನ್ನು ಕೆಳಗೆ ಸೋರಗೊಡದೆ ತಡೆಯುವುದು ಅದರ ಸುತ್ತ ಇರುವ ಉಂಗುರಗಳ ಕೆಲಸ. ಪಿಸ್ಟನ್ನಿನ ಕೆಳಭಾಗವನ್ನು ಮೆಕ್ಯಾನಿಕ್ಕರು ಸ್ಕರ್ಟ್ ಎನ್ನುತ್ತಾರೆ. ಪಿಸ್ಟನ್ ವಾಲದಂತೆ ನೇರವಾಗಿ ನಡೆಸುವುದು ಇದರ ಕೆಲಸ. ಸ್ಕರ್ಟಿಗೂ ಸಿಲಿಂಡರಿನ ಗೋಡೆಗೂ ನಡುವೆ ಎಣ್ಣೆಯ ಒಂದು ತೆಳುಪದರ ಇರಲೇಬೇಕು. ಆ ಪದರ ನಿಲ್ಲುವ ಜಾಗವೇ ತೆರಪು.

ತೆರಪು ಕಡಮೆಯಾದರೆ ಕಾವೇರಿದಾಗ ಪಿಸ್ಟನ್ ಹಿಗ್ಗಿ ಎಣ್ಣೆಯನ್ನು ಹೊರದೂಡುತ್ತದೆ. ಲೋಹಕ್ಕೆ ಲೋಹ ಉಜ್ಜುತ್ತದೆ. ಉಜ್ಜಿದ್ದರಿಂದ ಇನ್ನಷ್ಟು ಕಾವು, ಕಾವಿನಿಂದ ಇನ್ನಷ್ಟು ಹಿಗ್ಗು. ಕೊನೆಗೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ನಿಲ್ಲುತ್ತದೆ. ತೆರಪು ಹೆಚ್ಚಾದರೆ ಪಿಸ್ಟನ್ ಅತ್ತಿತ್ತ ಹೊಯ್ದಾಡಿ, ತಣ್ಣಗಿರುವಾಗ ಟಕಟಕ ಎಂದು ಗೋಡೆಗೆ ಬಡಿಯುತ್ತದೆ. ಉಂಗುರಗಳು ನೇರವಾಗಿ ಕೂರದೆ ಬೇಗ ಸವೆಯುತ್ತವೆ. ಎಣ್ಣೆ ಮೇಲೇರಿ ಉರಿದು ನೀಲಿ ಹೊಗೆ ಬರುತ್ತದೆ. ಹಾಗಾಗಿ 'ಎಚ್ಚರಿಕೆಗೆ ಇನ್ನೂ ಸ್ವಲ್ಪ ಸಡಿಲವಿರಲಿ' ಎಂಬುದೂ ಸಲ್ಲದು, 'ಗಟ್ಟಿಮುಟ್ಟಾಗಿ ಬಿಗಿಯಾಗಿರಲಿ' ಎಂಬುದೂ ಸಲ್ಲದು.

ಈ ತೆರಪನ್ನು ಹಳೆಯ ಎಂಜಿನ್ನುಗಳಲ್ಲಿ ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. ಅದಕ್ಕೆ 'ಥೌ' ಎಂದು ಹೆಸರು. ಒಂದು ಥೌ ಎಂದರೆ 0.0254 ಮಿ.ಮೀ. ನಮ್ಮ ತಲೆಗೂದಲಿನ ದಪ್ಪ ಸುಮಾರಾಗಿ ಎರಡರಿಂದ ನಾಲ್ಕು ಥೌ ಇರುತ್ತದೆ. ಕೂದಲೆಳೆಯಷ್ಟು ಅಂತರ ಎಂಬ ನಮ್ಮ ಮಾತು ಇಲ್ಲಿ ಅಲಂಕಾರವಲ್ಲ, ಅಳತೆ.

ನಾನು ಮಾಡಿದ ತಪ್ಪು

ಕೈಪಿಡಿಯಲ್ಲಿ ತೆರಪು ಎರಡು ಥೌ ಎಂದಿತ್ತು. ಓದಿದೆ, ಅನುವಾದಿಸಿದೆ, ಮಿಲಿಮೀಟರಿಗೆ ಪರಿವರ್ತಿಸಿ 0.05 ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದೆ. ಭಾಷಾಂತರದಲ್ಲಾಗಲಿ ಗಣಿತದಲ್ಲಾಗಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಬೇರೆಡೆ.

ಆ ಅಂಕಿ ಹೇಳಿದ್ದು ಕಾರಿನೊಂದಿಗೆ ಅಂದು ಬಂದ ಪಿಸ್ಟನ್ನುಗಳಿಗೆ. ಅವುಗಳ ಸ್ಕರ್ಟಿನಲ್ಲಿ ಉದ್ದಕ್ಕೆ ಒಂದು ಸೀಳು ಇರುತ್ತಿತ್ತು. ಕಾವೇರಿ ಹಿಗ್ಗಿದಾಗ ಸೀಳು ಮುಚ್ಚಿಕೊಂಡು ಹಿಗ್ಗನ್ನು ನುಂಗಿಕೊಳ್ಳುತ್ತಿತ್ತು. ನಮ್ಮ ಮುಂದೆ ಇದ್ದದ್ದು ಹೊಸದಾಗಿ ತರಿಸಿದ, ಸೀಳಿಲ್ಲದ ಪಿಸ್ಟನ್ನುಗಳು. ಅವುಗಳ ಪೆಟ್ಟಿಗೆಯೊಳಗೆ ತಯಾರಕರು ಇಟ್ಟಿದ್ದ ಒಂದು ಚೀಟಿಯಲ್ಲಿ ನಾಲ್ಕು ಥೌ ಬಿಡಬೇಕೆಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಆ ಚೀಟಿ ನನ್ನ ಕೈಗೇ ಬಂದಿತ್ತು. ಅದನ್ನು ಓದದೆ ಕೈಪಿಡಿಯ ಪುಟಕ್ಕೆ ಗುರುತಿಗಾಗಿ ಸಿಕ್ಕಿಸಿದವನು ನಾನೇ.

ರೀಬೋರ್ ಮುಗಿದ ದಿನ ಆತ ಒಂದು ಪಿಸ್ಟನ್ನನ್ನು ಉಂಗುರವಿಲ್ಲದೆ ಸಿಲಿಂಡರಿನೊಳಗೆ ಇಳಿಸಿ, ಮೇಲೆತ್ತಿ, ಮತ್ತೆ ಇಳಿಸಿ ಹೇಳಿದ: "ಸಾರ್, ಕೈಗೆ ಸ್ವಲ್ಪ ಬಿಗಿ ಅನ್ಸುತ್ತೆ."

"ಪುಸ್ತಕದಲ್ಲಿ ಎರಡು ಥೌ ಅಂತಲೇ ಇದೆಯಪ್ಪ" ಎಂದೆ.

ಆತ ಸುಮ್ಮನಾದ. ಎಂಟನೆಯ ತರಗತಿಯಲ್ಲಿ ಸುಮ್ಮನಾದಂತೆಯೇ ಸುಮ್ಮನಾದ. ಇಪ್ಪತ್ತು ವರ್ಷಗಳಿಗೂ ಮೀರಿ ಎಂಜಿನ್ ಮುಟ್ಟಿದ ಕೈ ಹೇಳಿದ ಮಾತನ್ನು, ಒಮ್ಮೆಯೂ ಎಂಜಿನ್ ಮುಟ್ಟದ ನನ್ನ ಬಾಯಿ ಮುಚ್ಚಿಸಿತು.

ಎಂಜಿನ್ ಮೊದಲ ಎಳೆತಕ್ಕೇ ಹೊತ್ತಿಕೊಂಡಿತು. ಅಂಗಡಿಯ ಮುಂದೆ ಇಪ್ಪತ್ತು ನಿಮಿಷ ಸೊಗಸಾಗಿ ಓಡಿತು. ಹುಡುಗರು ಸಿಹಿ ಹಂಚಿದರು. ತಳಿ ರಸ್ತೆಗೆ ಹೊರಟೆವು. ಒಂದು ಏರು ಹತ್ತುವಾಗ ವೇಗ ತಾನಾಗಿ ಕುಗ್ಗಿತು, ಕೀರಲು ಸದ್ದೊಂದು ಬಂತು, ಎಂಜಿನ್ ನಿಂತಿತು. ಅರ್ಧ ಗಂಟೆ ತಣಿದ ಮೇಲೆ ಮತ್ತೆ ತಿರುಗಿತು. ತಣಿದ ಗುಂಡು ಬಳೆಯಿಂದ ಜಾರಿದಂತೆ. ಅಂಗಡಿಗೆ ಎಳೆದು ತಂದು ಬಿಚ್ಚಿ ನೋಡಿದರೆ ಮೂರನೆಯ ಪಿಸ್ಟನ್ನಿನ ಎರಡೂ ಮಗ್ಗುಲಲ್ಲಿ ಬೆಕ್ಕು ಪರಚಿದಂಥ ಗೀರುಗಳು.

ಕೈಪಿಡಿಯನ್ನು ತೆರೆದಾಗ ಚೀಟಿ ಕೆಳಗೆ ಬಿತ್ತು. ಆತನೇ ಹೆಕ್ಕಿದ. ಅಂಕಿಗಳನ್ನು ಓದಲು ಇಂಗ್ಲಿಷ್ ಬೇಕಾಗಿರಲಿಲ್ಲ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಗುಂಡನ್ನೂ ಬಳೆನೂ ಒಟ್ಟಿಗೇ ಕಾಯಿಸಿದ್ವಿ ಅಲ್ವಾ ಸಾರ್?" ಎಂದ. ಆ ಪ್ರಶ್ನೆ ಅವನಿಗಿನ್ನೂ ನೆನಪಿತ್ತೆಂಬುದು ನನಗೆ ತಿಳಿದದ್ದು ಆಗಲೇ.

ಪ್ರಶ್ನೆಗೆ ಉತ್ತರ

ಈಗ ಆ ಉತ್ತರವನ್ನು ಕ್ರಮವಾಗಿ ಹೇಳುತ್ತೇನೆ. ಎಂಟನೆಯ ತರಗತಿಯ ಮಕ್ಕಳೂ ಹಿಂಬಾಲಿಸಬಹುದು.

ಮೊದಲನೆಯದಾಗಿ, ಬಳೆಯನ್ನು ಕಾಯಿಸಿದರೆ ಅದರ ತೂತು ದೊಡ್ಡದಾಗುತ್ತದೆಯೋ ಚಿಕ್ಕದಾಗುತ್ತದೆಯೋ? ಲೋಹ ಎಲ್ಲ ಕಡೆಗೂ ಹಿಗ್ಗುವುದರಿಂದ ತೂತು ಕಿರಿದಾಗುತ್ತದೆ ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ತೂತಿನಲ್ಲಿ ಅದೇ ಲೋಹ ತುಂಬಿದ್ದರೆ ಅದು ಎಷ್ಟು ಹಿಗ್ಗುತ್ತಿತ್ತೋ ತೂತೂ ಅಷ್ಟೇ ಹಿಗ್ಗುತ್ತದೆ. ನಮ್ಮ ಕಮ್ಮಾರರಿಗೆ ಇದು ತಲೆತಲಾಂತರದಿಂದ ಗೊತ್ತು. ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊದಿಸುವಾಗ ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ, ನೀರು ಹುಯ್ದು ಬಿಗಿಸುತ್ತಿದ್ದರು.

ಎರಡನೆಯದಾಗಿ, ಗುಂಡೂ ಬಳೆಯೂ ಒಂದೇ ಲೋಹದ್ದಾಗಿದ್ದು ಎರಡನ್ನೂ ಒಂದೇ ಕಾವಿಗೆ ತಂದರೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಗುಂಡು ಎಂದಿನಂತೆ ತೂರಿ ಹೋಗುತ್ತದೆ. ಬೀಡುಕಬ್ಬಿಣದ ಸಿಲಿಂಡರಿನಲ್ಲಿ ಬೀಡುಕಬ್ಬಿಣದ ಪಿಸ್ಟನ್ ಇದ್ದ 'ಟಿ' ಮಾದರಿಯ ಸ್ಥಿತಿ ಇದು. ಅಲ್ಲಿ ತೆರಪು ಬೇಕಾಗುವುದು ಎಣ್ಣೆಗೆ ಮತ್ತು ಪಿಸ್ಟನ್ ಗೋಡೆಗಿಂತ ಹೆಚ್ಚು ಕಾಯುವುದಕ್ಕೆ ಮಾತ್ರ.

ಮೂರನೆಯದಾಗಿ, ಗುಂಡು ಅಲ್ಯುಮಿನಿಯಂ, ಬಳೆ ಕಬ್ಬಿಣ ಆಗಿದ್ದರೆ? ಒಂದು ಡಿಗ್ರಿ ಸೆಲ್ಸಿಯಸ್ ಕಾವು ಏರಿದರೆ ಬೀಡುಕಬ್ಬಿಣ ತನ್ನ ಅಳತೆಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 11 ಭಾಗ ಹಿಗ್ಗುತ್ತದೆ. ಪಿಸ್ಟನ್ನಿಗೆ ಬಳಸುವ ಸಿಲಿಕಾನ್ ಬೆರೆತ ಅಲ್ಯುಮಿನಿಯಂ ಸುಮಾರು 20 ಭಾಗ ಹಿಗ್ಗುತ್ತದೆ. ಇದಕ್ಕೇ ನಮ್ಮ ಪಠ್ಯದಲ್ಲಿ ರೇಖೀಯ ವ್ಯಾಕೋಚನ ಗುಣಾಂಕ ಎಂಬ ಹೆಸರಿತ್ತು.

ಅಂಗಡಿಯಲ್ಲಿ 25 ಡಿಗ್ರಿ ಇದ್ದ ಎಂಜಿನ್ 100 ಡಿಗ್ರಿಗೆ ಕಾಯಿತೆನ್ನೋಣ. ಏರಿಕೆ 75 ಡಿಗ್ರಿ. ಸಿಲಿಂಡರಿನ ವ್ಯಾಸ 98.4 ಮಿ.ಮೀ. ಇದನ್ನು 11ರಿಂದಲೂ 75ರಿಂದಲೂ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದರೆ ಸಿಲಿಂಡರಿನ ಹಿಗ್ಗು 0.081 ಮಿ.ಮೀ. ಪಿಸ್ಟನ್ನಿಗೆ 11ರ ಬದಲು 20 ಹಾಕಿದರೆ 0.148 ಮಿ.ಮೀ. ವ್ಯತ್ಯಾಸ 0.067 ಮಿ.ಮೀ., ಅಂದರೆ ಎರಡೂವರೆ ಥೌಗಿಂತ ತುಸು ಹೆಚ್ಚು. ನಾವು ಬಿಟ್ಟಿದ್ದ ತೆರಪು ಎರಡೇ ಥೌ, 0.05 ಮಿ.ಮೀ. ಪಿಸ್ಟನ್ ಕಚ್ಚಿಕೊಳ್ಳದೆ ಇನ್ನೇನು ಮಾಡೀತು?

ಇದೂ ಕನಿಷ್ಠ ಲೆಕ್ಕವೇ. ಏಕೆಂದರೆ ಸಿಲಿಂಡರಿನ ಸುತ್ತ ನೀರು ಹರಿಯುತ್ತದೆ. ಪಿಸ್ಟನ್ನಿಗೆ ಅಂಥ ನೀರಿಲ್ಲ. ಅದರ ಕಾವು ಉಂಗುರಗಳ ಮೂಲಕ, ಸ್ಕರ್ಟಿನ ಮೂಲಕ, ಸಿಡಿಯುವ ಎಣ್ಣೆಯ ಮೂಲಕವೇ ಇಳಿಯಬೇಕು. ಆದಕಾರಣ ಅದು ಯಾವಾಗಲೂ ಗೋಡೆಗಿಂತ ಬಿಸಿ. ಗೋಡೆಗಿಂತ ಹತ್ತು ಡಿಗ್ರಿ ಹೆಚ್ಚಾದರೆ ಇನ್ನೂ 0.02 ಮಿ.ಮೀ. ತೆರಪು ಹೋಗುತ್ತದೆ. ಸುಮ್ಮನೆ ನಿಂತು ಓಡುವಾಗ ಕಾವು ಕಡಮೆ. ಏರಿನಲ್ಲಿ ಭಾರ ಎಳೆಯುವಾಗ ಹೆಚ್ಚು. ಅಂಗಡಿಯ ಮುಂದೆ ನಗುತ್ತ ಓಡಿದ ಎಂಜಿನ್ ತಳಿ ರಸ್ತೆಯ ಏರಿನಲ್ಲಿ ನಿಂತದ್ದು ಈ ಕಾರಣದಿಂದ.

ನಾಲ್ಕು ಥೌ, ಅಂದರೆ 0.10 ಮಿ.ಮೀ. ಬಿಟ್ಟಿದ್ದರೆ 100 ಡಿಗ್ರಿಯಲ್ಲೂ 0.03 ಮಿ.ಮೀ.ಗಿಂತ ಹೆಚ್ಚು ಉಳಿಯುತ್ತಿತ್ತು. ಅದಕ್ಕೂ ಮೀರಿದ ಹಿಗ್ಗನ್ನು ಪಿಸ್ಟನ್ನಿನ ಆಕಾರವೇ ಸಂಭಾಳಿಸುತ್ತದೆ. ಹೊಸ ಪಿಸ್ಟನ್ ಕಣ್ಣಿಗೆ ದುಂಡಗೆ ಕಂಡರೂ ನಿಜವಾಗಿ ದುಂಡಗಿರುವುದಿಲ್ಲ. ಪಿನ್ನು ತೂರುವ ದಿಕ್ಕಿನಲ್ಲಿ ಕೆಲವು ಥೌ ಕಿರಿದಾಗಿ, ತುಸು ಮೊಟ್ಟೆಯಾಕಾರದಲ್ಲಿ ಉಜ್ಜಿರುತ್ತಾರೆ. ಪಿನ್ನಿನ ಸುತ್ತ ಲೋಹ ದಪ್ಪ, ಅಲ್ಲಿಯ ಹಿಗ್ಗೂ ಹೆಚ್ಚು. ಕಾದಾಗ ಆ ದಿಕ್ಕಿಗೇ ಹಿಗ್ಗಿ ಪಿಸ್ಟನ್ ದುಂಡಗಾಗುತ್ತದೆ. ಬೆಂಕಿಗೆ ಸಮೀಪದ ತಲೆಯ ಭಾಗವನ್ನು ಕೆಳಭಾಗಕ್ಕಿಂತ ಸಪೂರವಾಗಿ ಮಾಡಿರುವುದಕ್ಕೂ ಇದೇ ಕಾರಣ.

ಈ ಲೆಕ್ಕ ಮಾಡಲು ನನಗೆ ಐದು ನಿಮಿಷ ಸಾಕಾಗಿತ್ತು. ಮೂವತ್ತೆರಡು ವರ್ಷ ಅದನ್ನೇ ಮಕ್ಕಳಿಗೆ ಕಲಿಸಿದವನು, ಬೇಕಾದ ದಿನ ಮಾಡಲಿಲ್ಲ.

ಅಳೆಯುವ ಕ್ರಮ

ಎರಡನೆಯ ಸಲ ನಾವು ಮಾಡಿದ ಕೆಲಸವನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಕಾರ್ಖಾನೆಗಳಲ್ಲಿಯೂ ವಾಹನಗಳ ದುರಸ್ತಿಯಲ್ಲಿಯೂ ಇರುವುದರಿಂದ ಉಪಯೋಗಕ್ಕೆ ಬಂದೀತು.

ಮೊದಲು ಪಿಸ್ಟನ್ನುಗಳು ಕೈಗೆ ಬರಬೇಕು, ಅನಂತರ ಸಿಲಿಂಡರನ್ನು ಕೊರೆಯಬೇಕು. ಸವೆದ ಸಿಲಿಂಡರು ಎಲ್ಲೆಡೆ ಒಂದೇ ವ್ಯಾಸ ಉಳಿಸಿಕೊಂಡಿರುವುದಿಲ್ಲ. ಉಂಗುರ ತಲುಪುವ ಮೇಲಿನ ಭಾಗದಲ್ಲಿ ಹೆಚ್ಚು ಸವೆದಿರುತ್ತದೆ. ಪಿಸ್ಟನ್ ಒತ್ತುವ ಮಗ್ಗುಲಲ್ಲಿ ಹೆಚ್ಚು ಸವೆದು ಮೊಟ್ಟೆಯಾಕಾರ ತಾಳಿರುತ್ತದೆ. ಆದ್ದರಿಂದ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ ಬೋರ್ ಗೇಜಿನಿಂದ ಅಳೆಯಬೇಕು. ಆಮೇಲೆ ಹೆಚ್ಚಳದ ಅಳತೆಯ ಪಿಸ್ಟನ್ ಆರಿಸಬೇಕು. ಮೂಲ ವ್ಯಾಸಕ್ಕಿಂತ 20, 30, 40 ಥೌ ಹೀಗೆ ದೊಡ್ಡದಾದ ಪಿಸ್ಟನ್ನುಗಳು ಸಿಗುತ್ತವೆ.

ಪಿಸ್ಟನ್ನನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ಪಾಠದಲ್ಲಿ ನಾವು ಸ್ಕ್ರೂಗೇಜು ಎಂದು ಕರೆದದ್ದು ಇದನ್ನೇ. ಅಳೆಯುವ ಜಾಗ ಮುಖ್ಯ: ಸ್ಕರ್ಟಿನ ಮೇಲೆ, ಪಿನ್ನಿಗೆ ಲಂಬವಾದ ದಿಕ್ಕಿನಲ್ಲಿ, ತಯಾರಕರು ಹೇಳಿದ ಎತ್ತರದಲ್ಲಿ. ಪಿನ್ನಿನ ದಿಕ್ಕಿನಲ್ಲೋ ತಲೆಯ ಮೇಲೋ ಅಳೆದರೆ ಕಡಮೆ ಅಂಕಿ ಬಂದು ದಾರಿ ತಪ್ಪಿಸುತ್ತದೆ. ನಾಲ್ಕು ಪಿಸ್ಟನ್ನುಗಳಿಗೂ ಅಂಕೆ ಹಾಕಿ, ಇಂಥದ್ದಕ್ಕೆ ಇಂಥ ಸಿಲಿಂಡರು ಎಂದು ಗೊತ್ತುಮಾಡಿ, ಪಿಸ್ಟನ್ನಿನ ಅಳತೆಗೆ ತೆರಪನ್ನು ಕೂಡಿಸಿ ಆಯಾ ಸಿಲಿಂಡರನ್ನು ಕೊರೆಯಬೇಕು. ತೆರಪು ಎಂದರೆ ಸಿಲಿಂಡರಿನ ವ್ಯಾಸದಿಂದ ಪಿಸ್ಟನ್ನಿನ ವ್ಯಾಸವನ್ನು ಕಳೆದಾಗ ಉಳಿಯುವುದು. ಎರಡು ಮಗ್ಗುಲದ್ದು ಸೇರಿದ ಮೊತ್ತ ಅದು, ಒಂದು ಮಗ್ಗುಲದ್ದಲ್ಲ.

ಕೊರೆತವನ್ನು ಬೇಕಾದ ಅಳತೆಗಿಂತ ಒಂದೆರಡು ಥೌ ಮೊದಲೇ ನಿಲ್ಲಿಸಿ, ಉಳಿದದ್ದನ್ನು ಹೋನಿಂಗ್ ಕಲ್ಲಿನಿಂದ ಉಜ್ಜಬೇಕು. ಉಜ್ಜುವಾಗ ಅಚ್ಚು ಬಿಸಿಯಾಗುತ್ತದೆ. ಆ ಬಿಸಿಯಲ್ಲಿ ಅಳೆದರೆ ಸುಳ್ಳು ಅಂಕಿ ಬರುತ್ತದೆ. ಪಿಸ್ಟನ್ನನ್ನು ಹೊತ್ತು ಹೊತ್ತು ಕೈಯಲ್ಲಿ ಹಿಡಿದು ಹತ್ತು ಡಿಗ್ರಿ ಬಿಸಿ ಮಾಡಿದರೂ ಮುಕ್ಕಾಲು ಥೌ ಹೆಚ್ಚು ತೋರಿಸುತ್ತದೆ. ಸೂಕ್ಷ್ಮ ಅಳತೆಗಳಿಗೆ ಲೋಕವೆಲ್ಲ 20 ಡಿಗ್ರಿಯನ್ನು ಪ್ರಮಾಣವಾಗಿ ಒಪ್ಪಿರುವುದು ಇದಕ್ಕಾಗಿ. ನಮ್ಮ ಸಣ್ಣ ಅಂಗಡಿಯಲ್ಲಿ ಅಂಥ ಕೊಠಡಿ ಎಲ್ಲಿಂದ ಬರಬೇಕು? ಅಚ್ಚು, ಪಿಸ್ಟನ್, ಅಳತೆಯ ಸಾಧನ ಮೂರನ್ನೂ ಒಂದು ರಾತ್ರಿ ಒಂದೇ ಕೋಣೆಯಲ್ಲಿ ಇಟ್ಟು, ಬೆಳಿಗ್ಗೆ ಬಿಸಿಲೇರುವ ಮೊದಲು ಅಳೆದೆವು. ಕಾವು ಎಷ್ಟೇ ಇರಲಿ, ಮೂರಕ್ಕೂ ಒಂದೇ ಇರಬೇಕೆಂಬುದು ಮುಖ್ಯ.

ಕೊನೆಗೆ ಹಳೆಯ ಕಾಲದ ಒಂದು ಪರೀಕ್ಷೆಯನ್ನೂ ಮಾಡಿದೆವು. ಉಂಗುರ ತೊಡಿಸದ ಪಿಸ್ಟನ್ನನ್ನು ತಲೆಕೆಳಗಾಗಿ ಸಿಲಿಂಡರಿಗೆ ಇಳಿಸುವಾಗ, ಅದರ ಮಗ್ಗುಲಲ್ಲಿ ಗೊತ್ತಾದ ದಪ್ಪದ ಉಕ್ಕಿನ ಫೀಲರ್ ಪಟ್ಟಿಯೊಂದನ್ನು ಸೇರಿಸುತ್ತಾರೆ. ಆಮೇಲೆ ಪಟ್ಟಿಯ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎಳೆಯುತ್ತಾರೆ. ತಯಾರಕರು ಹೇಳಿದಷ್ಟು ಎಳೆತಕ್ಕೆ ಪಟ್ಟಿ ಜಾರಿ ಬಂದರೆ ತೆರಪು ಸರಿ. ಸರಾಗ ಬಂದರೆ ಸಡಿಲ, ಬಾರದಿದ್ದರೆ ಬಿಗಿ. ಸ್ಪ್ರಿಂಗ್ ತಕ್ಕಡಿ ಅಂಗಡಿಯಲ್ಲಿರಲಿಲ್ಲ. ಅಂದಿನ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನಮ್ಮ ಶಾಲೆಯ ವಿಜ್ಞಾನದ ಬೀರುವಿನಿಂದ ತಂದೆ. ಮಕ್ಕಳ ಕೈಯಲ್ಲಿ ಕಲ್ಲು, ಪುಸ್ತಕ ತೂಗಿದ ತಕ್ಕಡಿ ಅಂದು ನಿಜವಾದ ಕೆಲಸ ಮಾಡಿತು.

ಉಂಗುರಗಳ ವಿಷಯದಲ್ಲೂ ಇದೇ ಧರ್ಮ. ಉಂಗುರವನ್ನು ಸಿಲಿಂಡರಿನಲ್ಲಿಟ್ಟಾಗ ಅದರ ಎರಡು ತುದಿಗಳ ನಡುವೆ ಸಂದು ಉಳಿಯಬೇಕು. ವ್ಯಾಸದ ಪ್ರತಿ ಇಂಚಿಗೆ ಮೂರರಿಂದ ನಾಲ್ಕು ಥೌ ಎಂಬುದು ರೂಢಿಯ ಲೆಕ್ಕ. ಈ ಎಂಜಿನ್ನಿಗೆ ಅದು 12ರಿಂದ 15 ಥೌ ಆಗುತ್ತದೆ. ಸಂದು ಸಾಲದಿದ್ದರೆ ಕಾದಾಗ ತುದಿಗಳು ಒಂದಕ್ಕೊಂದು ತಾಗಿ ಉಂಗುರ ಗೋಡೆಯನ್ನು ಗೀರುತ್ತದೆ, ಇಲ್ಲವೆ ಮುರಿಯುತ್ತದೆ. ಇದಾದ ಮೇಲೆ ಸಿಲಿಂಡರನ್ನು ಬಿಸಿನೀರು, ಸಾಬೂನಿನಿಂದ ತೊಳೆದು, ಬಿಳಿಯ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಕಪ್ಪಾಗದಷ್ಟು ಶುಚಿಮಾಡಿ, ಕೂಡಲೇ ಎಣ್ಣೆ ಸವರಬೇಕು. ಮೊದಲ ಕೆಲವು ನೂರು ಮೈಲಿ ಏರಿನಲ್ಲಿ ಜಗ್ಗಿಸದೆ, ಒಂದೇ ವೇಗದಲ್ಲಿ ಬಹುದೂರ ಓಡಿಸದೆ, ಲೋಹಕ್ಕೆ ಲೋಹ ಹೊಂದಿಕೊಳ್ಳಲು ಬಿಡಬೇಕು.

ಎಲ್ಲಕ್ಕಿಂತ ಮೇಲಾದ ನಿಯಮ ಒಂದಿದೆ. ತೆರಪಿನ ಅಂಕಿ ಕಾರಿಗೆ ಸೇರಿದ್ದಲ್ಲ, ಪಿಸ್ಟನ್ನಿನ ಲೋಹಕ್ಕೂ ಆಕಾರಕ್ಕೂ ಸೇರಿದ್ದು. ಪಿಸ್ಟನ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ಹಳೆಯ ಗ್ರಂಥವನ್ನು ಗೌರವಿಸಬೇಕು, ಆದರೆ ಮುಂದಿರುವ ವಸ್ತುವನ್ನು ಮೊದಲು ನೋಡಬೇಕು.

ಮುಗಿಸುವ ಮುನ್ನ

ಮೂರನೆಯ ಪಿಸ್ಟನ್ನಿನ ಬದಲು ಹೊಸದನ್ನು ತರಿಸಿ, ನಾಲ್ಕು ಸಿಲಿಂಡರುಗಳನ್ನೂ ನಾಲ್ಕು ಥೌ ತೆರಪಿಗೆ ಉಜ್ಜಿ ಕಟ್ಟಿದ ಎಂಜಿನ್ ಅದೇ ತಳಿ ರಸ್ತೆಯ ಏರನ್ನು ಹತ್ತಿ ಇಳಿಯಿತು. ನಷ್ಟದ ಹಣವನ್ನು ಕೊಡಲು ಹೋದೆ. ಆತ ತೆಗೆದುಕೊಳ್ಳಲಿಲ್ಲ. "ಹುಡುಗರಿಗೆ ಅರ್ಥವಾಗೋ ಹಾಗೆ ಈ ಲೆಕ್ಕವನ್ನ ಕನ್ನಡದಲ್ಲಿ ಬರೆದುಕೊಡಿ ಸಾರ್" ಎಂದಷ್ಟೇ ಕೇಳಿದ. ಇಂದು ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಎನ್ನುತ್ತ ವರ್ಷಗಳು ಉರುಳಿದವು. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ಹಳೆಯ ವಾಹನಗಳಿಗೆ 'ವಿಎ' ಎಂಬ ಗುರುತಿನ ಪ್ರತ್ಯೇಕ ನೋಂದಣಿ ನಿಯಮ ಮಾಡಿದ ಮೇಲೆ ಇಂಥ ಕಾರುಗಳನ್ನು ಹುಡುಕಿ ಕಟ್ಟಿಸುವವರು ಅವನ ಅಂಗಡಿಗೆ ಇನ್ನೂ ಹೆಚ್ಚಾಗಿ ಬರುತ್ತಿದ್ದಾರೆ. ಈ ಸಂಚಿಕೆಯ ನೆಪದಲ್ಲಾದರೂ ಅವನ ಮಾತನ್ನು ನಡೆಸಿಕೊಟ್ಟೆನೆಂಬ ಸಮಾಧಾನ ನನ್ನದು.

ಇನ್ನೊಂದು ವಿಷಯವನ್ನು ತಿಳಿಸಿ ವಿರಮಿಸುತ್ತೇನೆ. ಸುವರ್ಣ ಮಹೋತ್ಸವದ ಕಾಣಿಕೆಯೆಂದು ಆತ ಶಾಲೆಗೆ ಒಂದು ಹೊಸ ಉಪಕರಣವನ್ನು ಮಾಡಿಕೊಟ್ಟಿದ್ದಾನೆ. ಬೀಡುಕಬ್ಬಿಣದ ಒಂದು ಬಳೆ. ಅದರೊಂದಿಗೆ 40 ಮಿ.ಮೀ. ವ್ಯಾಸದ ಎರಡು ಗುಂಡುಗಳು. ಎರಡೂ ಬಳೆಗಿಂತ 0.05 ಮಿ.ಮೀ. ಮಾತ್ರ ಕಿರಿದು. ಒಂದು ಗುಂಡು ಬೀಡುಕಬ್ಬಿಣದ್ದು. ಇನ್ನೊಂದು, ಅಂದು ನನ್ನ ಮಾತಿನಿಂದ ಕೆಟ್ಟ ಆ ಮೂರನೆಯ ಪಿಸ್ಟನ್ನನ್ನೇ ಕರಗಿಸಿ ಎರಕ ಹೊಯ್ದು, ಲೇತಿನಲ್ಲಿ ಕಡೆದದ್ದು. ತಣ್ಣಗಿರುವಾಗ ಎರಡೂ ಬಳೆಯೊಳಗೆ ತೂರುತ್ತವೆ. ಕಡಲೆಪುರಿ ಹುರಿಯುವವರ ಹಾಗೆ ಬಾಣಲೆಯ ಮರಳಿನಲ್ಲಿ ಬಳೆಯನ್ನೂ ಗುಂಡುಗಳನ್ನೂ ಒಟ್ಟಿಗೆ ಹೂತು ಸುಮಾರು ಇನ್ನೂರು ಡಿಗ್ರಿಗಿಂತ ಮೇಲಕ್ಕೆ ಕಾಯಿಸಿ, ಇಕ್ಕಳದಿಂದ ತೆಗೆದು ನೋಡಿದರೆ ಕಬ್ಬಿಣದ ಗುಂಡು ಎಂದಿನಂತೆ ತೂರುತ್ತದೆ. ಅಲ್ಯುಮಿನಿಯಂ ಗುಂಡು ಬಳೆಯ ಮೇಲೆ ಕುಳಿತುಬಿಡುತ್ತದೆ.

ಉಪಕರಣ ಈಗ ವಿಜ್ಞಾನದ ಬೀರುವಿನಲ್ಲಿ, ಸ್ಪ್ರಿಂಗ್ ತಕ್ಕಡಿಯ ಪಕ್ಕದಲ್ಲಿದೆ. ಈಗಿನ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ವ್ಯಾಕೋಚನದ ಪಾಠ ಬಂದಾಗ ದಯವಿಟ್ಟು ಬಳೆಯನ್ನೂ ಕಾಯಿಸಿ ತೋರಿಸಿ. ಗಂಟೆ ಹೊಡೆಯಲು ಐದು ನಿಮಿಷ ಇರುವಾಗ ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ಏನಾದರೂ ಕೇಳಿದರೆ, ಉತ್ತರ ಗೊತ್ತಿಲ್ಲದಿದ್ದರೂ ಅವರನ್ನು ಕೂರಿಸಬೇಡಿ. "ನಾಳೆ ಇಬ್ಬರೂ ಸೇರಿ ನೋಡೋಣ" ಎನ್ನಿ. ಅಷ್ಟು ತೆರಪು ಬಿಟ್ಟರೆ ಸಾಕು.

ಶಾಲೆ ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸುತ್ತೇನೆ.